ಕಣದಿಂದ ಹಿಂದೆ ಸರಿಯುವುದು ಎಂದರೇನು?

2022ರ ಅಕ್ಟೋಬರ್ 19ರಂದು ಮಲ್ಲಿಕಾರ್ಜುನ ಖರ್ಗೆಯವರು ಕಾಂಗ್ರೆಸ್ ಪಕ್ಷದ ಅಧ್ಯಕ್ಷರಾಗಿ ಆಯ್ಕೆಯಾದರು. ಯಾದಗಿರಿ ಜಿಲ್ಲೆಯ ನಮಗೆ ಇದು ದೂರದ ಸುದ್ದಿಯಲ್ಲ. ನಮ್ಮ ಜಿಲ್ಲೆಯ ಗುರುಮಠಕಲ್ ಕ್ಷೇತ್ರದಿಂದಲೇ ಅವರು 1972ರಿಂದ 2004ರವರೆಗಿನ ಚುನಾವಣೆಗಳಲ್ಲಿ ಸತತ ಎಂಟು ಬಾರಿ ಶಾಸಕರಾಗಿ ಆರಿಸಿ ಬಂದಿದ್ದರು. ಆದರೆ ಅಧ್ಯಕ್ಷ ಚುನಾವಣೆಯ ಮಾತು ಶುರುವಾದಾಗ ಮುಂಚೂಣಿಯಲ್ಲಿದ್ದ ಹೆಸರು ಅವರದಲ್ಲ, ಆಗ ರಾಜಸ್ಥಾನದ ಮುಖ್ಯಮಂತ್ರಿಯಾಗಿದ್ದ ಅಶೋಕ್ ಗೆಹ್ಲೋಟ್ ಅವರದು. ಹಾಗಾದರೆ ಕಣ ಬದಲಾದದ್ದು ಹೇಗೆ? ಕೆಲವರು ಹಿಂದೆ ಸರಿದದ್ದರಿಂದ.

ಗೆಹ್ಲೋಟ್ ಅಧ್ಯಕ್ಷರಾದರೆ ರಾಜಸ್ಥಾನದ ಮುಖ್ಯಮಂತ್ರಿ ಯಾರಾಗಬೇಕು ಎಂಬ ಪ್ರಶ್ನೆ ಎದ್ದಿತು. ಅವರ ಬೆಂಬಲಿಗ ಶಾಸಕರು ಪಕ್ಷ ಕರೆದ ಸಭೆಗೆ ಹೋಗಲಿಲ್ಲ. ಸೆಪ್ಟೆಂಬರ್ 29ರಂದು ಗೆಹ್ಲೋಟ್ ತಾವು ಸ್ಪರ್ಧಿಸುವುದಿಲ್ಲ ಎಂದರು. ನಾಮಪತ್ರದ ಅರ್ಜಿ ಪಡೆದಿದ್ದ ದಿಗ್ವಿಜಯ ಸಿಂಗ್, ಖರ್ಗೆಯವರ ಹೆಸರು ಬಂದ ಕೂಡಲೇ ಮರುದಿನ ಹಿಂದೆ ಸರಿದು ಅವರಿಗೆ ಸೂಚಕರಾಗಲು ಒಪ್ಪಿದರು. ಜಾರ್ಖಂಡ್‌ನ ಕೆ.ಎನ್. ತ್ರಿಪಾಠಿ ಅವರ ನಾಮಪತ್ರ ಪರಿಶೀಲನೆಯಲ್ಲಿ ತಿರಸ್ಕೃತವಾಯಿತು. ಉಳಿದವರು ಇಬ್ಬರೇ: ಖರ್ಗೆ ಮತ್ತು ಶಶಿ ತರೂರ್. ಅಕ್ಟೋಬರ್ 8 ಹಿಂತೆಗೆದುಕೊಳ್ಳಲು ಕೊನೆಯ ದಿನ. ತರೂರ್ ಹಿಂದೆ ಸರಿಯಲಿಲ್ಲ. ಅಕ್ಟೋಬರ್ 17ರಂದು ಮತದಾನ ನಡೆಯಿತು. ಖರ್ಗೆಯವರಿಗೆ 7,897 ಮತ, ತರೂರ್ ಅವರಿಗೆ 1,072 ಮತ ಬಂದವು. 416 ಮತಗಳು ಅಸಿಂಧುವಾದವು.

ತರೂರ್ ಸೋತರು, ನಿಜ. ಆದರೆ ಅವರೂ ಹಿಂದೆ ಸರಿದಿದ್ದರೆ ಒಂಬತ್ತು ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳಿಗೆ ಮತ ಹಾಕುವ ಅವಕಾಶವೇ ಇರುತ್ತಿರಲಿಲ್ಲ. ಸಾವಿರಕ್ಕೂ ಹೆಚ್ಚು ಮಂದಿ ಬೇರೆ ಅಭಿಪ್ರಾಯ ಹೊಂದಿದ್ದಾರೆ ಎಂಬುದು ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಈ ಪಕ್ಷದ ಇತಿಹಾಸದಲ್ಲಿ ಹಿಂದೆ ಸರಿಯುವುದು ಹೊಸದೇನಲ್ಲ. 1939ರ ಅಧ್ಯಕ್ಷ ಚುನಾವಣೆಗೆ ಮೌಲಾನಾ ಅಬುಲ್ ಕಲಾಂ ಆಜಾದ್ ಅವರ ಹೆಸರೂ ಇತ್ತು. ಅವರು ಹಿಂದೆ ಸರಿದ ಮೇಲೆ ಸುಭಾಷ್‌ಚಂದ್ರ ಬೋಸ್ ಮತ್ತು ಪಟ್ಟಾಭಿ ಸೀತಾರಾಮಯ್ಯ ಅವರ ನಡುವೆ ನೇರ ಸ್ಪರ್ಧೆಯಾಯಿತು. ಬೋಸ್ 1,580 ಮತ ಪಡೆದು ಗೆದ್ದರು, ಪಟ್ಟಾಭಿಯವರಿಗೆ 1,377 ಬಂದವು. ಮರುವರ್ಷ, 1940ರಲ್ಲಿ, ಆಜಾದರು ಸ್ಪರ್ಧಿಸಿ ಅಧ್ಯಕ್ಷರಾದರು, 1946ರವರೆಗೂ ಆ ಸ್ಥಾನದಲ್ಲಿದ್ದರು. ಒಮ್ಮೆ ಹಿಂದೆ ಸರಿದವರ ದಾರಿ ಅಲ್ಲಿಗೇ ಮುಗಿಯುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

1946ರಲ್ಲಿ ಆಜಾದರು ಮತ್ತೆ ನಿಲ್ಲದೆ ನೆಹರೂ ಅವರ ಹೆಸರು ಸೂಚಿಸಿದರು. ಪ್ರಾಂತ ಸಮಿತಿಗಳಲ್ಲಿ ಹೆಚ್ಚು ಬೆಂಬಲವಿದ್ದ ಸರ್ದಾರ್ ಪಟೇಲ್ ಹಿಂದೆ ಸರಿದರು, ನೆಹರೂ ಅಧ್ಯಕ್ಷರಾದರು. ತಾವು ಆಗ ಪಟೇಲರನ್ನು ಬೆಂಬಲಿಸದೆ ಇದ್ದದ್ದು ತಪ್ಪಾಯಿತು ಎಂದು ಆಜಾದರು ಮುಂದೆ ತಮ್ಮ ಆತ್ಮಕಥನದಲ್ಲಿ ಬರೆದರು. ಮರಣಾನಂತರ ಪ್ರಕಟವಾದ ಆ ಪುಸ್ತಕದ ಪೂರ್ಣ ರೂಪ ಹೊರಬಂದದ್ದು 1988ರಲ್ಲಿ.

ಅಮೆರಿಕದಲ್ಲಿ ಹೇಗೆ?

ಅಲ್ಲಿ ದೇಶದ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂಬುದನ್ನು ರಾಜ್ಯದಿಂದ ರಾಜ್ಯಕ್ಕೆ ನಡೆಯುವ ಮತದಾನದಲ್ಲಿ ತೀರ್ಮಾನಿಸುತ್ತಾರೆ. ಇದನ್ನೇ ಪ್ರೈಮರಿ ಎನ್ನುತ್ತಾರೆ. ಮತದಾನ ತಿಂಗಳುಗಟ್ಟಲೆ ನಡೆಯುವುದರಿಂದ ಹಣ, ಬೆಂಬಲ ಕಡಿಮೆಯಾದವರು ನಡುವೆಯೇ ಬಿಟ್ಟುಬಿಡುತ್ತಾರೆ. 2020ರಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿ ಹೀಗಾಯಿತು. ಮಾರ್ಚ್ 3ರಂದು 14 ರಾಜ್ಯಗಳಲ್ಲಿ ಮತದಾನವಿತ್ತು. ಅದಕ್ಕೆ ಎರಡೇ ದಿನ ಮೊದಲು ಪೀಟ್ ಬುಟಿಜೆಜ್, ಮರುದಿನ ಏಮಿ ಕ್ಲೋಬುಚಾರ್ ಹಿಂದೆ ಸರಿದು ಜೋ ಬೈಡನ್ ಅವರಿಗೆ ಬೆಂಬಲ ಘೋಷಿಸಿದರು. ಬೈಡನ್ 10 ರಾಜ್ಯಗಳಲ್ಲಿ ಗೆದ್ದರು.

ಇದರ ಲೆಕ್ಕ ನಮ್ಮ ತರಗತಿಯಲ್ಲೇ ಮಾಡಿ ನೋಡಬಹುದು. 60 ವಿದ್ಯಾರ್ಥಿಗಳ ತರಗತಿಯಲ್ಲಿ ಪ್ರತಿನಿಧಿ ಸ್ಥಾನಕ್ಕೆ ಐವರು ನಿಂತಿದ್ದಾರೆ ಎಂದುಕೊಳ್ಳೋಣ. ಒಬ್ಬರಿಗೆ 20, ಉಳಿದ ನಾಲ್ವರಿಗೆ ತಲಾ 10 ಮತ ಬಂದರೆ 20 ಪಡೆದವರು ಗೆಲ್ಲುತ್ತಾರೆ. ಆ ನಾಲ್ವರಲ್ಲಿ ಇಬ್ಬರು ಹಿಂದೆ ಸರಿದು ಮೂರನೆಯವರನ್ನು ಬೆಂಬಲಿಸಿ, ಅವರ ಮತಗಳೆಲ್ಲ ಅತ್ತ ಹೋದರೆ ಅವರಿಗೆ 30 ಆಗುತ್ತದೆ. ಮತದಾರರು ಅವರೇ, ಫಲಿತಾಂಶ ಮಾತ್ರ ಬೇರೆ!

ಕಾನೂನು ಏನು ಹೇಳುತ್ತದೆ?

ಪಕ್ಷದ ಒಳಗಿನ ಚುನಾವಣೆಗೆ ಪಕ್ಷದ ನಿಯಮ. ಶಾಸನಸಭೆ, ಲೋಕಸಭೆಗೆ 1951ರ ಪ್ರಜಾಪ್ರತಿನಿಧಿ ಕಾಯ್ದೆ. ನಾಮಪತ್ರ ಹಿಂಪಡೆಯಲು ಕೊನೆಯ ದಿನ ಮಧ್ಯಾಹ್ನ 3 ಗಂಟೆಯವರೆಗೆ ಸಮಯವಿರುತ್ತದೆ. ಒಮ್ಮೆ ಹಿಂಪಡೆದರೆ ಮನಸ್ಸು ಬದಲಿಸಲು ಬರುವುದಿಲ್ಲ, ಆದರೆ ಠೇವಣಿ ವಾಪಸ್ ಸಿಗುತ್ತದೆ. ಗಡುವು ಮುಗಿದ ಮೇಲೆ 'ನಾನು ಸ್ಪರ್ಧೆಯಲ್ಲಿಲ್ಲ' ಎಂದು ಸಾರಿದರೂ ಮತಯಂತ್ರದಲ್ಲಿ ಹೆಸರು ಹಾಗೇ ಇರುತ್ತದೆ.

2024ರಲ್ಲಿ ನಮ್ಮ ಸುರಪುರ ವಿಧಾನಸಭಾ ಉಪಚುನಾವಣೆಗೆ ಈ ಗಡುವು ಏಪ್ರಿಲ್ 22 ಆಗಿತ್ತು. ಮೇ 7ರಂದು ಜನ ಮತ ಹಾಕಿದರು. ಅದೇ ಏಪ್ರಿಲ್ 22ರಂದು ಗುಜರಾತಿನ ಸೂರತ್ ಲೋಕಸಭಾ ಕ್ಷೇತ್ರದಲ್ಲಿ ಬೇರೆಯದೇ ನಡೆಯಿತು. ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ಅದಾಗಲೇ ತಿರಸ್ಕೃತವಾಗಿತ್ತು, ಉಳಿದವರೆಲ್ಲ ಹಿಂದೆ ಸರಿದರು. ಬಿಜೆಪಿಯ ಮುಕೇಶ್ ದಲಾಲ್ ಅವಿರೋಧವಾಗಿ ಆಯ್ಕೆಯಾದರು. ಆ ಕ್ಷೇತ್ರದಲ್ಲಿ ಮೊದಲ ಸಲ ಮತ ಹಾಕಬೇಕೆಂದು ಕಾದಿದ್ದ ನಮ್ಮ ವಯಸ್ಸಿನವರ ಬೆರಳಿಗೆ ಆ ಸಲ ಶಾಯಿ ಬೀಳಲೇ ಇಲ್ಲ.

ಹಿಂದೆ ಸರಿಯುವುದು ಹೇಡಿತನವೂ ಅಲ್ಲ, ಯಾವಾಗಲೂ ತ್ಯಾಗವೂ ಅಲ್ಲ. ಆದ್ದರಿಂದ ಅಂಥ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳೋಣ. ಅವರು ಯಾವಾಗ ಸರಿದರು? ಸ್ವಂತ ಇಚ್ಛೆಯಿಂದಲೋ, ಒತ್ತಡದಿಂದಲೋ? ಅವರು ಹೋದ ಮೇಲೆ ಮತದಾರರಿಗೆ ಆಯ್ಕೆ ಉಳಿಯಿತೇ? ಮೂರನೆಯ ಪ್ರಶ್ನೆಯೇ ಮುಖ್ಯ. ಏಕೆಂದರೆ ಹಿಂದೆ ಸರಿಯುವ ಹಕ್ಕು ಅಭ್ಯರ್ಥಿಯದಾದರೂ ಅದರ ಫಲ ಉಣ್ಣುವವರು ಮತದಾರರು.

ದ್ವಿತೀಯ ಪಿಯುಸಿಯ ಹಲವರಿಗೆ ಇನ್ನೇನು 18 ತುಂಬುತ್ತದೆ. ಪಟ್ಟಿಯಲ್ಲಿ ಹೆಸರು ಸೇರಿಸೋಣ. ಮತಯಂತ್ರದ ಮುಂದೆ ನಿಂತಾಗ ಅಲ್ಲಿರುವ ಹೆಸರುಗಳನ್ನಷ್ಟೇ ಅಲ್ಲ, ಅಲ್ಲಿ ಇಲ್ಲದ ಹೆಸರುಗಳನ್ನೂ ಒಮ್ಮೆ ನೆನೆಯೋಣ.