ಟೈಲ್ಸ್ ಎದ್ದರೆ ಹೊಣೆ ಯಾರದು?

ಮೈಸೂರು: ಬೋಗಾದಿ, ವಿಜಯನಗರದ ಕಡೆ ಸ್ವಂತ ಮನೆ ಕಟ್ಟಿಸುವವರು ಟೈಲ್ಸನ್ನು ತಾವೇ ಆರಿಸಿ ತಂದು, ಹಾಕುವ ಕೆಲಸವನ್ನು ಮೇಸ್ತ್ರಿಗೆ ಒಪ್ಪಿಸುವುದು ವಾಡಿಕೆ. ಗುಜರಾತಿನ ಮೊರ್ಬಿಯಂತಹ ಕಡೆಯಿಂದ ಲಾರಿಯಲ್ಲಿ ಬರುವ ಸರಕು ವಿತರಕ, ಅಂಗಡಿ, ಮೇಸ್ತ್ರಿ ಹೀಗೆ ಕೈ ದಾಟಿ ನೆಲ ಸೇರುತ್ತದೆ. ಆಮೇಲೆ ಟೈಲ್ಸ್ ಎದ್ದರೆ ಅಂಗಡಿಯವರು ಮೇಸ್ತ್ರಿಯನ್ನು, ಮೇಸ್ತ್ರಿ ಸರಕನ್ನು ದೂರುತ್ತಾರೆ.

ತಪ್ಪು ಹಲವು ಬಾರಿ ಇಬ್ಬರ ನಡುವೆಯೇ ಇರುತ್ತದೆ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಶೇ 0.5ಕ್ಕಿಂತ ಕಡಿಮೆ. ಹೀಗಾಗಿ ಬರೀ ಸಿಮೆಂಟ್ ಹಾಲಿಗೆ ಅದು ಭದ್ರವಾಗಿ ಕೂರುವುದಿಲ್ಲ. ಟೈಲ್ ಅಂಟು ಬಳಸಬೇಕು, ಸಂದು ಬಿಡಬೇಕು. ಇದನ್ನು ಮಾರುವವರು ಹೇಳುವುದಿಲ್ಲ, ಹಾಕುವವರು ಕೇಳುವುದಿಲ್ಲ.

ಅಪಾರ್ಟ್‌ಮೆಂಟ್ ಕೊಂಡವರ ಸ್ಥಿತಿ ಬೇರೆ. 2016ರ ರೇರಾ ಕಾಯ್ದೆಯ 14(3)ನೇ ಕಲಮಿನಂತೆ, ಸ್ವಾಧೀನ ಪಡೆದ 5 ವರ್ಷಗಳೊಳಗೆ ಕಾಮಗಾರಿ ಅಥವಾ ಗುಣಮಟ್ಟದ ದೋಷವನ್ನು ತಿಳಿಸಿದರೆ ಬಿಲ್ಡರ್ 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ತಪ್ಪಿದರೆ ಪರಿಹಾರ ಕೊಡಬೇಕು. ಸರಕು ಯಾರದೆಂಬ ವಾದಕ್ಕೆ ಅಲ್ಲಿ ಎಡೆಯಿಲ್ಲ.

ಸ್ವಂತ ಮನೆಯವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯುಂಟು. ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷಗಳೊಳಗೆ ದೂರು ನೀಡಬಹುದು. ಆದರೆ ದೋಷ ಸರಕಿನದೋ ಕೆಲಸದ್ದೋ ಎಂಬುದನ್ನು ದೂರುದಾರರೇ ತೋರಿಸಬೇಕು. ತೆರಿಗೆ ಉಳಿಸಲು ಬಿಲ್ಲನ್ನೇ ಕೇಳದೆ ಬಂದವರಿಗೆ ಇದು ಕಷ್ಟ. ಬ್ಯಾಚ್ ಸಂಖ್ಯೆಯ ಪೆಟ್ಟಿಗೆ, ಮಿಕ್ಕ ಟೈಲ್ಸ್, ಮೇಸ್ತ್ರಿಯೊಂದಿಗಿನ ಲಿಖಿತ ಕರಾರು ಇವನ್ನು ಗೃಹಪ್ರವೇಶದ ನಂತರವೂ ಇಟ್ಟುಕೊಂಡಿರಬೇಕು.