ಕಾಲಗಲಿಸಿ ನಿಂತ ಕಚೇರಿ

ದೆಹಲಿಯ ಪಟೇಲ್ ಚೌಕ್ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದು ಕನಾಟ್ ಪ್ಲೇಸ್ ಕಡೆಗೆ ನಡೆದರೆ ಸಂಸದ್ ಮಾರ್ಗದ ಉದ್ದಕ್ಕೂ ಕಚೇರಿಗಳೇ. ರಿಸರ್ವ್ ಬ್ಯಾಂಕಿನ ಮುಂದೆ ರಾಮ್‌ಕಿಂಕರ್ ಬೈಜ್ ಕಡೆದ ಯಕ್ಷ, ಯಕ್ಷಿ ನಿಂತಿದ್ದಾರೆ. ಇದೇ ರಸ್ತೆಯಲ್ಲಿ ಆಕಾಶವಾಣಿ ಭವನವೂ ಇದೆ. ದೆಹಲಿಯಿಂದ ಬರುತ್ತಿದ್ದ ಕನ್ನಡ ವಾರ್ತೆ ಕೇಳುತ್ತ ಬೆಳೆದವರು ಅದರ ಮುಂದೆ ಒಂದು ಗಳಿಗೆ ನಿಲ್ಲದೆ ಹೋಗಲಾರರು. ನಾನೂ ನಿಂತೆ. ಆದರೆ ನಾನು ನೋಡಲು ಹೊರಟದ್ದು ನವದೆಹಲಿ ಮುನಿಸಿಪಲ್ ಕೌನ್ಸಿಲ್‌ನ ಮುಖ್ಯ ಕಚೇರಿಯನ್ನು. ಹೆಸರು ಪಾಲಿಕಾ ಕೇಂದ್ರ.

ನೇರ ಅದರ ಬಾಗಿಲಿಗೆ ಹೋಗಲಿಲ್ಲ. ಎದುರಿನ ಜಂತರ್ ಮಂತರ್‌ಗೆ ಟಿಕೆಟ್ ಕೊಂಡು ಒಳಗೆ ಹೋದೆ. ಪಾಲಿಕಾ ಕೇಂದ್ರವನ್ನು ಇಡಿಯಾಗಿ ಕಾಣಬೇಕೆಂದರೆ ಅಷ್ಟಾದರೂ ದೂರ ಬೇಕು. ಸವಾಯಿ ಜಯಸಿಂಗ್ 1724ರಲ್ಲಿ ಕಟ್ಟಿಸಿದ ವೇಧಶಾಲೆ ಇದು. ನಡುವಿನ ಸಮ್ರಾಟ್ ಯಂತ್ರ ಸುಮಾರು 21 ಮೀಟರ್ ಎತ್ತರದ ಕೆಂಪು ಗೋಡೆ, ಅದರ ಇಳಿಜಾರು ಭೂಮಿಯ ಅಕ್ಷಕ್ಕೆ ಸಮಾನಾಂತರ, ಎರಡೂ ಪಕ್ಕಕ್ಕೆ ಕಮಾನಾಗಿ ಬಾಗಿದ ಮಾಪನಪಟ್ಟಿ. ಅದನ್ನು ನೋಡುತ್ತ ತಲೆ ಎತ್ತಿದರೆ ರಸ್ತೆಯಾಚೆ ಸುಮಾರು 20 ಅಂತಸ್ತಿನ ಕಾಂಕ್ರೀಟ್ ಕಟ್ಟಡ. ಅದರ ಗೋಡೆಯೂ ನೆಟ್ಟಗಿಲ್ಲ. ತುದಿಯಿಂದ ಇಳಿಯುತ್ತ ಇಳಿಯುತ್ತ ಹೊರಕ್ಕೆ ಬಾಗಿ, ಭಾರ ಹೊತ್ತವನು ಕಾಲಗಲಿಸಿ ನಿಂತ ಹಾಗೆ ನೆಲಕ್ಕೆ ಊರಿಕೊಂಡಿದೆ. ಎರಡೂವರೆ ಶತಮಾನದ ಅಂತರದಲ್ಲಿ ಕಟ್ಟಿದ ಎರಡು ಬಾಗುಗಳು ಒಂದೇ ನೋಟಕ್ಕೆ ಸಿಕ್ಕವು. ಒಂದನ್ನು ನೋಡಿ ಇನ್ನೊಂದು ಹುಟ್ಟಿತೇ, ಅಥವಾ ಅದು ನನ್ನ ಕಣ್ಣಿನ ಆಸೆಯೇ? ಎರಡೂ ಇರಬಹುದು. ನನಗಂತೂ ಅವು ಒಂದಕ್ಕೊಂದು ಹೊಂದಿಕೊಂಡೇ ಕಂಡವು.

ಒಂದು ತಕರಾರನ್ನೂ ಹೇಳಬೇಕು. ಸುತ್ತ ಎದ್ದ ಎತ್ತರದ ಕಟ್ಟಡಗಳಿಂದಾಗಿ ಜಂತರ್ ಮಂತರ್‌ನ ಯಂತ್ರಗಳು ಮೊದಲಿನಂತೆ ಕೆಲಸಕ್ಕೆ ಬರುತ್ತಿಲ್ಲ ಎಂಬ ದೂರು ಹಳೆಯದು. ನೆರಳನ್ನೇ ಅಳೆಯುವ ಜಾಗದ ಮೇಲೆ ಪಶ್ಚಿಮಕ್ಕಿರುವ ಈ ಕಟ್ಟಡವೂ ತನ್ನ ನೆರಳು ಚೆಲ್ಲುತ್ತದೆ. ರೂಪದಲ್ಲಿ ಹೊಂದಿಕೊಂಡಿತೆಂದು ಆ ನಷ್ಟ ತುಂಬುವುದಿಲ್ಲ.

ರಸ್ತೆ ದಾಟಿದೆ. ಹತ್ತಿರ ಹೋದಂತೆ ಒಂದೇ ಎಂದುಕೊಂಡದ್ದು ಎರಡಾಯಿತು. ಅಕ್ಕಪಕ್ಕ ನಿಂತ ಎರಡು ತೆಳು ಹಲಗೆಗಳಂಥ ಬ್ಲಾಕುಗಳು, ಕೊನೆಗಳಲ್ಲಿ ಎತ್ತರದ ಕಾಂಕ್ರೀಟ್ ಗೋಡೆಗಳು, ಆ ಗೋಡೆಗಳ ನಡುವೆ ಎಳೆದು ಕಟ್ಟಿದಂತೆ ಅಂತಸ್ತಿನ ಮೇಲೆ ಅಂತಸ್ತು, ಕಿಟಕಿಯ ಸಾಲಿನ ಮೇಲೆ ಸಾಲು. ಬುಡ ಅಗಲವಾಗಿರುವುದು ಬರೀ ಅಂದಕ್ಕಲ್ಲ. ದೆಹಲಿ ಭೂಕಂಪದ ನಾಲ್ಕನೇ ವಲಯದ ಊರು. ತೆಳುವಾಗಿ ಎತ್ತರಕ್ಕೆ ಹೋದ ಕಟ್ಟಡವನ್ನು ಗಾಳಿಯೂ ನೆಲದ ನಡುಕವೂ ಉರುಳಿಸಲು ನೋಡುತ್ತವೆ. ಬುಡ ಅಗಲಿಸಿದಷ್ಟೂ ಉರುಳಿಸುವುದು ಕಷ್ಟ.

ವಾಸ್ತುಶಿಲ್ಪಿ ಕುಲದೀಪ್ ಸಿಂಗ್, ಸ್ಟ್ರಕ್ಚರಲ್ ಎಂಜಿನಿಯರ್ ಮಹೇಂದ್ರ ರಾಜ್. ಎಪ್ಪತ್ತರ ದಶಕದಲ್ಲಿ ವಿನ್ಯಾಸ ಸ್ಪರ್ಧೆಯಲ್ಲಿ ಆಯ್ಕೆಯಾದ ನಕ್ಷೆ ಕಟ್ಟಡವಾಗಿ ಮುಗಿದದ್ದು 1983-84ರ ಹೊತ್ತಿಗೆ. ಮಹೇಂದ್ರ ರಾಜ್ ಚಂಡೀಗಢದಲ್ಲಿ ವಾಸ್ತುಶಿಲ್ಪಿ ಲ ಕಾರ್ಬ್ಯುಸಿಯೆ ಕಟ್ಟಿಸಿದ ಹೈಕೋರ್ಟ್ ಮತ್ತು ಸೆಕ್ರೆಟೇರಿಯಟ್‌ಗೆ ಕೆಲಸ ಮಾಡಿ ಪಳಗಿದವರು. ಹೌಜ್ ಖಾಸ್ ಬಳಿಯ ರಾಷ್ಟ್ರೀಯ ಸಹಕಾರ ಅಭಿವೃದ್ಧಿ ನಿಗಮದ ಕಚೇರಿಯೂ ಇದೇ ಜೋಡಿಯದು. ಒಂದರ ಕಡೆಗೊಂದು ವಾಲಿದ ಅದರ ಎರಡು ಭಾಗಗಳನ್ನು ನೋಡಿ ದೆಹಲಿಯ ಜನ ಅದಕ್ಕೆ ಪೈಜಾಮಾ ಬಿಲ್ಡಿಂಗ್ ಎಂದು ಹೆಸರಿಟ್ಟಿದ್ದಾರೆ.

ಗೋಡೆಯ ಬುಡಕ್ಕೆ ಹೋಗಿ ಕೈಯಿಟ್ಟೆ. ಬಿಸಿಲು ಕುಡಿದು ಕಾದಿತ್ತು. ಸೆಂಟ್ರಿಂಗ್ ಹಲಗೆಗಳು ಕೂಡಿದ ಕಡೆ ಎದ್ದ ಸಣ್ಣ ಗೆರೆ, ಗಾಳಿ ಸಿಕ್ಕಿಕೊಂಡು ಉಳಿದ ಗುಳಿ, ಮೇಲಿನಿಂದ ಮಳೆನೀರು ಎಳೆದ ಕಪ್ಪು ಪಟ್ಟಿ. ಇದನ್ನು ಕಟ್ಟುವ ಕಾಲಕ್ಕೆ ಉಕ್ಕು ದುಬಾರಿ, ಸಿಗುವುದೂ ಕಷ್ಟ. ದುಡಿಯುವ ಕೈಗೆ ಮಾತ್ರ ಬರವಿರಲಿಲ್ಲ. ನೆಟ್ಟಗಿನ ಗೋಡೆಯಾದರೆ ಒಂದೇ ಸೆಂಟ್ರಿಂಗನ್ನು ಮೇಲೆ ಮೇಲೆ ಏರಿಸುತ್ತ ಹೋಗಬಹುದು. ಬಾಗುವ ಗೋಡೆಯಲ್ಲಿ ಏರಿದಂತೆಲ್ಲ ಕೋನ ಬದಲಾಗುತ್ತದೆ, ಬಡಗಿ ಪ್ರತಿ ಹಂತಕ್ಕೂ ಮತ್ತೆ ಅಳೆದು ಹೊಂದಿಸಬೇಕು. ಗಾರೆ ಬಳಿದು ತಪ್ಪು ಮುಚ್ಚುವ ಹಾಗೂ ಇಲ್ಲ. ನಕ್ಷೆ ಬರೆದವರ ಹೆಸರು ಪುಸ್ತಕಗಳಲ್ಲಿದೆ. ಈ ಹಲಗೆ ಹೊಡೆದವರ ಕೈಗುರುತು ಇಲ್ಲಿ ಮಾತ್ರ ಇದೆ, ಬಣ್ಣ ಬಳಿದರೆ ಅದೂ ಹೋಗುತ್ತದೆ.

ಒಳಗೆ ಹೆಚ್ಚು ದೂರ ಹೋಗಲಾಗಲಿಲ್ಲ. ಮೇಲೇನು ಕೆಲಸ ಎಂದು ಕಾವಲಿನವರು ಕೇಳಿದರು. ಕಟ್ಟಡ ನೋಡಲು ಬಂದೆ ಎಂದೆ. ಇಲ್ಲೇ ನೋಡಿ ಭಾಯಿಸಾಬ್, ಮೇಲೆ ಹೋಗುವ ಹಾಗಿಲ್ಲ ಎಂದು ಮರ್ಯಾದೆಯಿಂದಲೇ ಹೇಳಿದರು. ಅಲ್ಲೇ ಒಂದು ಬದಿಗೆ ನಿಂತು ನೋಡಿದೆ. ಕಡತ ಅವುಚಿಕೊಂಡ ಗುಮಾಸ್ತರು, ಲಿಫ್ಟಿನ ಮುಂದೆ ಗುಂಪು, ಯಾವ ಅಂತಸ್ತಿಗೆ ಹೋಗಬೇಕೆಂದು ವಿಚಾರಿಸುವ ಜನ. ಸುಮಾರು 43 ಚದರ ಕಿಲೋಮೀಟರಿನ ಆಡಳಿತ ಇಲ್ಲಿಂದ ನಡೆಯುತ್ತದೆ. ರಾಷ್ಟ್ರಪತಿ ಭವನವಿರುವ ಪ್ರದೇಶವೂ ಅದರೊಳಗೆ ಬಂತು. ನಮ್ಮಲ್ಲಿ ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗ್ ಬೆಂಗಳೂರಿನ ಗುರುತಾದದ್ದೂ ಹೆಚ್ಚುಕಡಿಮೆ ಈ ಕಟ್ಟಡ ಎದ್ದ ಕಾಲದಲ್ಲೇ. ಎತ್ತರಕ್ಕೆ ಕಟ್ಟಬಲ್ಲೆವು ಎಂದು ಊರಿನ ಆಡಳಿತಗಳು ತೋರಿಸಿಕೊಟ್ಟ ಕಾಲ ಅದು.

ಹೊರಗೆ ಬಂದು ಮತ್ತೊಮ್ಮೆ ಸುತ್ತು ಹಾಕುವಾಗ ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್ ನೆನಪಾಯಿತು. ರಾಜ್ ರೇವಾಲ್ ವಿನ್ಯಾಸಕ್ಕೆ ಇದೇ ಮಹೇಂದ್ರ ರಾಜ್ ಎಲುಬು ಕೊಟ್ಟು, 1972ರಲ್ಲಿ, ಸ್ವಾತಂತ್ರ್ಯದ 25ನೇ ವರ್ಷಕ್ಕೆ ನಿಂತ ಕಾಂಕ್ರೀಟ್ ಸಭಾಂಗಣ ಅದು. 2013ರಲ್ಲಿ, ಪರಂಪರೆ ಉಳಿಸಲು ದುಡಿಯುವ ಇಂಟ್ಯಾಕ್ ಸಂಸ್ಥೆ ಉಳಿಸಬೇಕಾದ 62 ಆಧುನಿಕ ಕಟ್ಟಡಗಳ ಪಟ್ಟಿ ಕೊಟ್ಟಿತ್ತು. ಆದರೆ ಪರಂಪರೆಯ ಕಟ್ಟಡವೆನಿಸಲು 60 ವರ್ಷವಾದರೂ ಆಗಿರಬೇಕು ಎಂದು ದೆಹಲಿಯ ಪರಂಪರೆ ಸಂರಕ್ಷಣಾ ಸಮಿತಿ ನಿಲುವು ತಳೆಯಿತು. 2017ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ಆ ಸಭಾಂಗಣವನ್ನು ಕೆಡವಿದರು. ವಿಶಿಷ್ಟವಾದದ್ದನ್ನು ವಯಸ್ಸಿನಿಂದ ಅಳೆಯುವುದು ನನಗೆ ಸರಿ ಕಾಣುವುದಿಲ್ಲ. ಆ ಅಳತೆಯಲ್ಲಿ ಪಾಲಿಕಾ ಕೇಂದ್ರಕ್ಕೆ 60 ತುಂಬಲು 2040ರ ದಶಕದವರೆಗೆ ಕಾಯಬೇಕು.

ಜಂತರ್ ಮಂತರ್ ನೋಡಲು ನಮ್ಮ ಕಡೆಯಿಂದ ಸಾಕಷ್ಟು ಜನ ಹೋಗುತ್ತಾರೆ. ಈ ಸಲ ಹೋದರೆ ಸಮ್ರಾಟ್ ಯಂತ್ರದ ಪಕ್ಕ ನಿಂತು ಪಶ್ಚಿಮಕ್ಕೆ ನೋಡಿ, ಆಮೇಲೆ ರಸ್ತೆ ದಾಟಿ ಆ ಗೋಡೆಯ ಬುಡಕ್ಕೂ ಹೋಗಿ ಬನ್ನಿ. ಬೆಳಗಿನ ಹೊತ್ತೇ ಒಳ್ಳೆಯದು. ಆಗ ಬಿಸಿಲು ನೇರ ಮುಂಭಾಗದ ಮೇಲೆ ಬಿದ್ದಿರುತ್ತದೆ, ಹಲಗೆಯ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ.