ಪರೀಕ್ಷಕನನ್ನು ಪರೀಕ್ಷಿಸುವವರು

ನಲವತ್ತು ದಾಟಿದವರು ರಕ್ತದೊತ್ತಡ, ಸಕ್ಕರೆಯ ಅಂಶಗಳನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕೆಂದು ವೈದ್ಯರು ಹೇಳುವುದುಂಟು. ಪ್ರಯೋಗಾಲಯದ ಯಂತ್ರ ಕೆಟ್ಟು ರಕ್ತಪರೀಕ್ಷೆ ನಡೆಯಲೇ ಇಲ್ಲ. ಆದರೂ ವರದಿಯಲ್ಲಿ ‘ದೋಷವಿಲ್ಲ’ ಎಂದು ಬರೆದುಕೊಟ್ಟರೆಂದು ಭಾವಿಸೋಣ. ರೋಗಿ ನಿಶ್ಚಿಂತನಾಗಿ ಮನೆಗೆ ಮರಳುತ್ತಾನೆ. ರೋಗ ಒಳಗೇ ಬೆಳೆಯುತ್ತದೆ. ಪರೀಕ್ಷೆಯೇ ಇಲ್ಲದಿರುವುದಕ್ಕಿಂತ ಇಂಥ ವರದಿ ಹೆಚ್ಚು ಅಪಾಯಕಾರಿ. ಗಣಕಯಂತ್ರಗಳ ಲೋಕದಲ್ಲಿಯೂ ಈ ಅಪಾಯವುಂಟು. ಅದನ್ನು ತಡೆಯಲು ಸದ್ದಿಲ್ಲದೆ ದುಡಿಯುವವರೂ ಇದ್ದಾರೆ.

ಗಣಕದ ಯಂತ್ರಭಾಗಗಳಿಗೂ ನಾವು ಬಳಸುವ ಕ್ರಮವಿಧಿಗಳಿಗೂ ನಡುವೆ ನಿಂತು ಸ್ಮೃತಿ, ಕಡತ, ಕಾಲಾವಕಾಶಗಳನ್ನು ಹಂಚಿಕೊಡುವ ತಿರುಳಿಗೆ ‘ಕರ್ನಲ್’ ಎಂದು ಹೆಸರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲ್ ಇಂದು ಆಂಡ್ರಾಯ್ಡ್ ಫೋನುಗಳಿಗೆ ಆಧಾರ. 2017ರ ನವೆಂಬರ್ ತಿಂಗಳ ಪಟ್ಟಿಯಲ್ಲಿದ್ದ ಜಗತ್ತಿನ 500 ಅತಿವೇಗದ ಗಣಕಗಳೆಲ್ಲವೂ ಲಿನಕ್ಸ್ ಬಳಸುತ್ತಿದ್ದವು.

ಈ ಕರ್ನಲ್ಲಿನ ಆರೋಗ್ಯ ತಪಾಸಣೆಗೆ ‘ಕೆಸೆಲ್ಫ್‌ಟೆಸ್ಟ್’ ಎಂಬ ಪರೀಕ್ಷಾ ಸಮೂಹವಿದೆ. ಪ್ರತಿಯೊಂದು ಪರೀಕ್ಷೆಯೂ ಮುಗಿದಾಗ ಒಂದು ಅಂಕಿಯನ್ನು ನೀಡುತ್ತದೆ. 0 ಎಂದರೆ ತೇರ್ಗಡೆ, 1 ಎಂದರೆ ವಿಫಲ, 4 ಎಂದರೆ ಪರೀಕ್ಷೆ ನಡೆಸಲಾಗಲಿಲ್ಲ. ಹಿಂದೆ ಅಗತ್ಯವಾದ ಸೌಲಭ್ಯ ಯಂತ್ರದಲ್ಲಿ ಇಲ್ಲದಿದ್ದಾಗಲೂ ಅನೇಕ ಪರೀಕ್ಷೆಗಳು 0 ಎಂದೇ ಹೇಳುತ್ತಿದ್ದವು. ನಡೆಯದ ಪರೀಕ್ಷೆ ತೇರ್ಗಡೆಯ ಲೆಕ್ಕಕ್ಕೆ ಸೇರುತ್ತಿತ್ತು. 2018ರಲ್ಲಿ ಈ ವಿಭಾಗದ ಹೊಣೆ ಹೊತ್ತಿದ್ದ ಶುವಾ ಖಾನ್ ಅವರು ಇಂಥ ಪರೀಕ್ಷೆಗಳನ್ನು ಒಂದೊಂದಾಗಿ ತಿದ್ದುವ ಬದಲಾವಣೆಗಳನ್ನು ಮಂಡಿಸಿದರು. 0 ಇದ್ದಲ್ಲಿ 4 ಬಂದಿತು. ತಿದ್ದುಪಡಿ ಚಿಕ್ಕದು, ಅದರಿಂದ ವರದಿಗೆ ಬಂದ ಪ್ರಾಮಾಣಿಕತೆ ದೊಡ್ಡದು.

ಚಿಕ್ಕ ತಿದ್ದುಪಡಿಯೆಂದು ಪರಿಶೀಲಕರು ಕಣ್ಣುಮುಚ್ಚಿ ರುಜು ಹಾಕುವಂತಿಲ್ಲ. ಒಂದು ತಿದ್ದುಪಡಿಯಲ್ಲಿ ಒಂದೇ ವಿಷಯವಿದೆಯೇ? ಅದು ಏಕೆ ಬೇಕೆಂಬ ವಿವರಣೆಯಿದೆಯೇ? ಪರೀಕ್ಷೆ ಮುಗಿದ ಮೇಲೆ ಯಂತ್ರ ಮೊದಲಿದ್ದ ಸ್ಥಿತಿಗೆ ಮರಳುತ್ತದೆಯೇ? ಇವೆಲ್ಲವನ್ನೂ ನೋಡಬೇಕು. ಮುಖ್ಯವಾದುದು ಇನ್ನೊಂದಿದೆ. ದೋಷವನ್ನು ಬೇಕೆಂದೇ ಮರಳಿ ಸೇರಿಸಿ, ಪರೀಕ್ಷೆ ಅದನ್ನು ಹಿಡಿಯುವುದೇ ಎಂದು ನೋಡುವುದು. ಹಿತ್ತಾಳೆಯನ್ನೂ ಚಿನ್ನವೆನ್ನುವ ಒರೆಗಲ್ಲಿನಿಂದ ಯಾರಿಗೆ ಪ್ರಯೋಜನ?

ಲೆಕ್ಕಪತ್ರ ಬಲ್ಲವರಿಗೆ ಈ ಕ್ರಮ ಹೊಸದಲ್ಲ. ವೋಚರ್ ಬರೆದವರು ಒಬ್ಬರು, ತಾಳೆ ನೋಡಿ ರುಜು ಹಾಕುವವರು ಇನ್ನೊಬ್ಬರು. ಲಿನಕ್ಸ್‌ನಲ್ಲಿಯೂ 2004ರಿಂದ ತಿದ್ದುಪಡಿ ಕಳುಹಿಸುವವರು ತಮ್ಮ ಹೆಸರಿನ ಒಪ್ಪಿಗೆಯ ಸಾಲನ್ನು ಸೇರಿಸುವ ಪದ್ಧತಿಯಿದೆ. ಕೂಲಂಕಷವಾಗಿ ಪರಿಶೀಲಿಸಿದವರೂ ತಮ್ಮ ಹೆಸರನ್ನು ನಮೂದಿಸುವುದುಂಟು. ಮುಂದೆ ತಪ್ಪು ಕಂಡುಬಂದರೆ ಯಾರನ್ನು ಕೇಳಬೇಕೆಂಬುದು ಕಡತದಲ್ಲಿಯೇ ಉಳಿಯುತ್ತದೆ.

ಬೇಲಿಯೇ ಎದ್ದು ಹೊಲ ಮೇಯ್ದರೆ ಬೆಳೆಯನ್ನು ಕಾಯುವವರಾರು? ಪರೀಕ್ಷಿಸುವ ಸಾಧನವೇ ಸುಳ್ಳು ನುಡಿದರೆ ಗತಿಯೇನು? ‘ಪರೀಕ್ಷಿಸಲಾಗಲಿಲ್ಲ’ ಎಂದು ಒಪ್ಪಿಕೊಳ್ಳುವುದು ಅವಮಾನವಲ್ಲ. ದೇಹದ ವರದಿಯಾಗಲಿ, ಗಣಕದ ವರದಿಯಾಗಲಿ, ನಂಬಿಕೆಗೆ ಅರ್ಹವಾಗುವುದು ಆ ಒಪ್ಪಿಗೆಗೂ ಅದರಲ್ಲಿ ಜಾಗವಿದ್ದಾಗಲೇ.